ನಾಯಿಯ ಬಟ್ಟಲಿಗೆ ಮಜ್ಜಿಗೆ



ಭಾನುವಾರದ ಪೂಜೆ ಮುಗಿದು ಗುರುಗಳು ಚರ್ಚಿನ ಬಾಗಿಲಲ್ಲಿ ನಿಂತಾಗ ಜನ ಕೇಳುವ ಪ್ರಶ್ನೆಗಳಿಗೆ ಸೆಮಿನರಿಯ ಯಾವ ಪಾಠದಲ್ಲೂ ಉತ್ತರ ಸಿಗುವುದಿಲ್ಲ. ತ್ರಿತ್ವದ ಬಗ್ಗೆ ಇಪ್ಪತ್ತು ವರ್ಷಗಳಲ್ಲಿ ಯಾರೂ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದ್ದಿಲ್ಲ. ಆದರೆ ಗೋವಾದ ಬೇಸಿಗೆ ಶುರುವಾಯಿತೆಂದರೆ, "ಫಾದರ್, ನಾಯಿಗೆ ಮಜ್ಜಿಗಿ ಹಾಕಬಹುದೇನ್ರೀ?" ಎಂದು ಕೇಳುವವರು ವರ್ಷಕ್ಕೆ ಮೂರ್ನಾಲ್ಕು ಮಂದಿಯಾದರೂ ಇರುತ್ತಾರೆ. ಈ ತಿಂಗಳು ಅದೇ ವಿಷಯ. ಇದೂ ಒಂದು ಧರ್ಮದ ವಿಷಯವೇ ಎಂದು ಮೂಗು ಮುರಿಯುವವರು ದಯವಿಟ್ಟು ಪೂರ್ತಿ ಓದಿ, ಆಮೇಲೆ ಮುರಿಯಿರಿ.

ನೇರ ಉತ್ತರ ಬೇಕಾದವರಿಗೆ: ಆರೋಗ್ಯವಾಗಿರುವ, ದೊಡ್ಡದಾದ ನಾಯಿಗೆ ತೆಳ್ಳಗಿನ, ಉಪ್ಪು ಖಾರ ಒಗ್ಗರಣೆ ಏನೂ ಇಲ್ಲದ ಮಜ್ಜಿಗೆಯನ್ನು ಸ್ವಲ್ಪ ಹಾಕಬಹುದು. ಇಷ್ಟೇ ಆಗಿದ್ದರೆ ಅಂಕಣ ಬರೆಯುವ ಅಗತ್ಯವಿರಲಿಲ್ಲ. ತೊಂದರೆ ಇರುವುದು ಆರೋಗ್ಯವಾಗಿಲ್ಲದ ನಾಯಿಗೆ ಹಾಕುವ ಮಜ್ಜಿಗೆಯಲ್ಲಿ.

ವಾಸ್ಕೋ, ಬೈನಾ, ಜುವಾರಿನಗರದ ಕಡೆ ಇರುವ ನಮ್ಮ ಕನ್ನಡದವರಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಬೆಳಗಾವಿ ಕಡೆಯಿಂದ ದುಡಿಮೆಗಾಗಿ ಬಂದವರು. ಆ ಸೀಮೆಯಲ್ಲಿ ಮಜ್ಜಿಗೆಯನ್ನು ಹಿಂದೆ ಯಾರೂ ಮಾರುತ್ತಿರಲಿಲ್ಲ. ಬೆಣ್ಣೆ ಮಾರುತ್ತಿದ್ದರು, ತುಪ್ಪ ಮಾರುತ್ತಿದ್ದರು, ಆದರೆ ಮಜ್ಜಿಗೆ ಕೇಳಿ ಬಂದವರಿಗೆ ತಂಬಿಗೆ ತುಂಬಿಸಿ ಕೊಡಬೇಕು, ಅಷ್ಟೇ. ಬಾಗಿಲಿಗೆ ಬಂದ ನೆರೆಯವಳಿಗೆ, ಹೊಲದ ಆಳಿಗೆ, ದಾರಿಹೋಕನಿಗೆ, ಕಡೆಗೆ ಹಿತ್ತಿಲಲ್ಲಿ ಮಲಗಿದ ನಾಯಿಗೆ. ನಿನ್ನೆಯ ಜೋಳದ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕಲ್ಲಿನ ದೋಣಿಗೆ ಹಾಕಿದರೆ ನಾಯಿಯ ಊಟ ಮುಗಿಯಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ನೋಡಿದವರಿಗೆ ಗೊತ್ತು: ಒಣ ಮೈ, ಉದ್ದ ಮೂತಿ, ಒಂದು ಹಿಡಿಯಷ್ಟು ಸೊಂಟ. ಅಲ್ಲಿನ ದೊರೆ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಆಮೇಲೆ ಸೇನೆಯವರೂ ಇದನ್ನು ತರಬೇತಿಗೆ ತೆಗೆದುಕೊಂಡರು. ಇಂಥ ನಾಯಿಯನ್ನು ಸಾಕಿದವರು ದೊಡ್ಡ ದೊಡ್ಡ ಶ್ರೀಮಂತರೇನಲ್ಲ, ಸಾಧಾರಣ ರೈತರು, ಕುರಿ ಕಾಯುವವರು. ಮನೆಯವರು ಉಂಡದ್ದನ್ನೇ ಅದೂ ಉಂಡಿತು.

ನಾಯಿ ತೋಳದ ವಂಶದ್ದು, ಅದಕ್ಕೆ ಮಾಂಸ ಬಿಟ್ಟು ಬೇರೇನೂ ದಕ್ಕುವುದಿಲ್ಲ ಎಂದು ವಾದಿಸುವವರು ಇದನ್ನು ಕೇಳಿ ತಲೆ ಅಲ್ಲಾಡಿಸುತ್ತಾರೆ. ಅವರ ಮಾತು ಪೂರ್ತಿ ಸರಿಯಲ್ಲ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋಳದ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ಬರೆದಿದ್ದರು. ಮನುಷ್ಯರ ಜೊತೆ ಬಾಳಿ ಬಾಳಿ ನಾಯಿ ಹಿಟ್ಟಿನ ಪದಾರ್ಥವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ಪಡೆದುಕೊಂಡಿದೆ, ತೋಳಕ್ಕೆ ಆ ಶಕ್ತಿ ಅಷ್ಟಿಲ್ಲ ಎಂಬುದು ಅದರ ಸಾರ. ನಮ್ಮ ರೊಟ್ಟಿಯ ತುಣುಕು ಸಾವಿರಾರು ವರ್ಷಗಳಲ್ಲಿ ಅದರ ಹೊಟ್ಟೆಯನ್ನೇ ಬದಲಾಯಿಸಿದೆ! ಮೇಜಿನ ಕೆಳಗೆ ಬೀಳುವ ರೊಟ್ಟಿಯ ಚೂರುಗಳನ್ನು ನಾಯಿಮರಿಗಳು ತಿನ್ನುತ್ತವಲ್ಲ ಎಂದು ಯೇಸುಸ್ವಾಮಿಗೇ ಎದುರುತ್ತರ ಕೊಟ್ಟ ಆ ಕಾನಾನಿನ ತಾಯಿಗೆ ವಿಜ್ಞಾನ ಗೊತ್ತಿರಲಿಲ್ಲ, ಆದರೆ ಮನೆಯಲ್ಲಿ ನಡೆಯುವುದು ಚೆನ್ನಾಗಿ ಗೊತ್ತಿತ್ತು.

ರೊಟ್ಟಿಯ ಮಾತು ಹಾಗಾದರೆ ಹಾಲಿನ ಮಾತೇನು? ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಒಡೆದು ಅರಗಿಸಲು ಕರುಳಿನಲ್ಲಿ ಒಂದು ರಸ ಬೇಕು. ತಾಯಿಯ ಹಾಲು ಕುಡಿಯುವ ಮರಿಯಲ್ಲಿ ಅದು ಧಾರಾಳವಾಗಿರುತ್ತದೆ, ಮೊಲೆ ಬಿಟ್ಟ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ಅದಕ್ಕೇ ದೊಡ್ಡ ನಾಯಿಗೆ ಬಟ್ಟಲು ತುಂಬ ಹಸಿ ಹಾಲು ಕುಡಿಸಿದರೆ ರಾತ್ರಿ ಹೊಟ್ಟೆ ಗುಡುಗುಡು, ಬೆಳಿಗ್ಗೆ ಅಂಗಳ ತೊಳೆಯುವ ಕೆಲಸ. ಇದು ನಾಯಿಯ ದೋಷವಲ್ಲ. ನಮ್ಮ ಊರುಗಳ ಎಷ್ಟೋ ಹಿರಿಯರಿಗೂ ಹಾಲು ಆಗುವುದಿಲ್ಲ, ಮಜ್ಜಿಗೆ ಆಗುತ್ತದೆ. ಕಾರಣ ಒಂದೇ. ಹೆಪ್ಪು ಹಾಕಿದ ಮೇಲೆ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ತಾವೇ ತಿಂದು ಹುಳಿಯಾಗಿ ಮಾಡಿಬಿಡುತ್ತವೆ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ನಾಲ್ಕೂವರೆಯಿಂದ ಐದು ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಮೊಸರಾದಾಗ ಇಳಿಯುತ್ತದೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿ ಕಡೆದರೆ ನೂರು ಮಿಲಿಲೀಟರಿಗೆ ಸುಮಾರು ಒಂದು ಗ್ರಾಂ ಉಳಿದೀತು. ಕಡೆದು ಬೆಣ್ಣೆ ತೆಗೆದ ಹಳೆಯ ಕಾಲದ ಮಜ್ಜಿಗೆಯಾದರೆ ಕೊಬ್ಬೂ ಕಡಿಮೆ. ಅತಿಯಾದ ಕೊಬ್ಬು ನಾಯಿಯ ಮೇದೋಜೀರಕ ಗ್ರಂಥಿಯನ್ನು ಕೆರಳಿಸಬಲ್ಲದು, ಆದ್ದರಿಂದ ಅಜ್ಜಿಯ ಕಡೆಗೋಲು ಇಲ್ಲಿ ಒಂದು ಉಪಕಾರವನ್ನೇ ಮಾಡಿದೆ.

ಇಷ್ಟಾದರೂ ಎಲ್ಲ ನಾಯಿಗಳೂ ಒಂದೇ ಅಲ್ಲ. ಮೊದಲ ದಿನ ಎರಡು ಮೂರು ಚಮಚ ಹಾಕಿ ಒಂದು ದಿನ ನೋಡಿ. ಸಗಣಿಯಂತೆ ಹೋದರೆ ನಿಲ್ಲಿಸಿ. ಏನೂ ಆಗದಿದ್ದರೆ ದೊಡ್ಡ ನಾಯಿಗೆ ಅರ್ಧ ಲೋಟ ಸಾಕು. ಮಜ್ಜಿಗೆ ಹಾಕಿದೆವೆಂದು ನೀರಿನ ಬಟ್ಟಲು ಎತ್ತಿಡಬೇಡಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಆ ಉಸಿರಿನಲ್ಲಿ ಹೋಗುವುದು ನೀರು. ಗೋವಾದ ಮೇ ತಿಂಗಳ ಧಗೆಯಲ್ಲಿ ತಗಡಿನ ಸೂರಿನ ಕೆಳಗೆ ಕಟ್ಟಿಹಾಕಿದ ನಾಯಿಗೆ ಬೇಕಾದದ್ದು ಮೊದಲು ನೆರಳು, ಆಮೇಲೆ ನೀರು, ಆಮೇಲೆ ಬೇಕಿದ್ದರೆ ಮಜ್ಜಿಗೆ.

ಇನ್ನು ಯಾವ ಮಜ್ಜಿಗೆ? ನಮ್ಮ ಉತ್ತರ ಕರ್ನಾಟಕದವರ ಮನೆಯಲ್ಲಿ ಮಜ್ಜಿಗೆ ಎಂದರೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟದ್ದು. ಬಾಯಿಗೆ ರುಚಿ, ನಾಯಿಗೆ ಕೇಡು. ಬೆಳ್ಳುಳ್ಳಿ, ಈರುಳ್ಳಿ ಈ ಜಾತಿಯದೆಲ್ಲ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಹಸಿಯಾದರೂ ಸರಿ, ಬೇಯಿಸಿದ್ದಾದರೂ ಸರಿ, ಪುಡಿಯಾದರೂ ಸರಿ. ಒಂದು ದಿನ ನೆಕ್ಕಿದರೆ ಸಾಯುವುದಿಲ್ಲ, ಆದರೆ ದಿನಾ ಹಾಕುತ್ತ ಹೋದರೆ ನಾಯಿ ಬಿಳಿಚಿಕೊಳ್ಳುತ್ತದೆ, ಮನೆಯವರು "ವಯಸ್ಸಾಯಿತು" ಎನ್ನುತ್ತಾರೆ. ಅಂಗಡಿಯ ಮಸಾಲೆ ಮಜ್ಜಿಗೆಯ ಪ್ಯಾಕೆಟ್ಟೂ ಬೇಡ. ಅದರಲ್ಲಿ ಉಪ್ಪು, ಹಸಿಮೆಣಸು, ಶುಂಠಿ ಎಲ್ಲ ಮನುಷ್ಯರ ನಾಲಿಗೆಯ ಲೆಕ್ಕಕ್ಕೆ ಹಾಕಿದ್ದು. ಸಿಹಿ ಲಸ್ಸಿಯಲ್ಲಿ ಸಕ್ಕರೆಯೇ ಹೆಚ್ಚು. ಮಕ್ಕಳು ಕುಡಿಯುವ ಚಿಕ್ಕ ಬಾಟಲಿಯ ಯಾಕುಲ್ಟ್‌ನಂಥವೂ ಸಿಹಿಯೇ. "ಶುಗರ್ ಫ್ರೀ" ಎಂದು ಬರೆದಿದ್ದರೆ ಇನ್ನೂ ಹುಷಾರಾಗಿರಬೇಕು: ಅಂಥ ಕೆಲವು ತಿನಿಸುಗಳಲ್ಲಿ ಹಾಕುವ ಕ್ಸೈಲಿಟಾಲ್ ಎಂಬ ಸಿಹಿ ನಮಗೆ ಏನೂ ಮಾಡದು, ನಾಯಿಗೆ ವಿಷ. ಶ್ರೀಖಂಡದಲ್ಲಿ, ಮೇವಾ ಹಾಕಿದ ಲಸ್ಸಿಯಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಕ್ರಿಸ್ಮಸ್ ಕೇಕಿನ ಮಾತೂ ಇಲ್ಲಿಯೇ ಹೇಳಿಬಿಡುತ್ತೇನೆ, ಡಿಸೆಂಬರಿನಲ್ಲಿ ಬೇರೆ ಅಂಕಣ ಬರೆಯಲಾರೆ. ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿಯ ಕೇಕು ನಾಯಿಗೆ ಎರಡು ಪಟ್ಟು ಕೆಟ್ಟದ್ದು. ಬಾಲ ಅಲ್ಲಾಡಿಸಿ ಕೇಳಿದರೂ ಕೊಡಬೇಡಿ.

ಪಾತ್ರೆಯ ಬಗ್ಗೆ ನಮ್ಮ ತಾಯಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ. ತಾಮ್ರ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಎಂಬುದು ಮೊಮ್ಮಕ್ಕಳಿಗೂ ಗೊತ್ತು. ಆದರೆ ಕಲಾಯಿ ಹೋಗಿ ಮೂಲೆ ಸೇರಿದ ಹಿತ್ತಾಳೆ ತಟ್ಟೆಯೇ ಎಷ್ಟೋ ಮನೆಗಳಲ್ಲಿ ನಾಯಿಯ ಪಾಲಿಗೆ ಬಂದಿರುತ್ತದೆ! ಸ್ಟೀಲಿನದ್ದೋ ಮಣ್ಣಿನದ್ದೋ ಇಡಿ. ನಿನ್ನೆ ಉಳಿದದ್ದನ್ನು ಇವತ್ತು ತೊಳೆದು ಹಾಕಿ. ಬೂಷ್ಟು ಹಿಡಿದ ಮೊಸರನ್ನು "ನಾಯಿಗಾದರೂ ಆಗಲಿ" ಎಂದು ಹಾಕಬೇಡಿ.

ತಪಸ್ಸು ಕಾಲದ ಒಂದು ಮಾತು. ಶುಕ್ರವಾರ ಮನೆಯಲ್ಲಿ ಮಾಂಸವಿಲ್ಲ, ಕೆಲವು ಮನೆಗಳಲ್ಲಿ ನಲವತ್ತು ದಿನವೂ ಇಲ್ಲ. ಆಗ ನಾಯಿಗೂ ನಲವತ್ತು ದಿನ ಬರೀ ಮೊಸರನ್ನ, ಮಜ್ಜಿಗೆ ಅನ್ನ. ಧರ್ಮಸಭೆಯ ಕಾನೂನು ಸಂಹಿತೆಯ 1252ನೆಯ ನಿಯಮದ ಪ್ರಕಾರ ಮಾಂಸತ್ಯಾಗ ಹದಿನಾಲ್ಕು ವರ್ಷ ತುಂಬಿದವರಿಗೆ. ಹದಿನಾಲ್ಕು ತುಂಬಿದ ನಾಯಿ ನಮ್ಮ ಕೇಂದ್ರದಲ್ಲಿ ಒಂದೂ ಇಲ್ಲ. ಇದ್ದರೂ ಅದಕ್ಕೆ ಜ್ಞಾನಸ್ನಾನ ಆಗಿಲ್ಲ. ಅದಕ್ಕೊಂದು ಮೊಟ್ಟೆ ಬೇಯಿಸಿ ಹಾಕಿ, ಮುಳ್ಳು ತೆಗೆದ ಮೀನು ಹಾಕಿ. ಅನ್ನ ಮಜ್ಜಿಗೆಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಇನ್ನು ತಾಯಿ ಸತ್ತ ಎಳೆ ಮರಿಗೆ ನೀರು ಬೆರೆಸಿದ ಹಾಲನ್ನೋ ಮಜ್ಜಿಗೆಯನ್ನೋ ಬತ್ತಿಯಲ್ಲಿ ಅದ್ದಿ ಕುಡಿಸುವವರಿದ್ದಾರೆ. ಅವರ ಕರುಣೆ ದೊಡ್ಡದು. ಆದರೆ ನಾಯಿಯ ಮೊಲೆಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಎರಡರಷ್ಟು ಕೊಬ್ಬು, ಎರಡರಷ್ಟು ಪ್ರೋಟೀನು ಇರುತ್ತದೆ. ಅದಕ್ಕೆ ನೀರು ಬೆರೆಸಿದ ಹಾಲು ಕೊಟ್ಟರೆ ಮರಿ ಕುಡಿಯುತ್ತ ಕುಡಿಯುತ್ತಲೇ ಸೊರಗುತ್ತದೆ. ಎಳೆ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಪಶುವೈದ್ಯರನ್ನು ಕೇಳಿ ತನ್ನಿ.

ಈಗ ಈ ಅಂಕಣ ಬರೆಯಲು ಕಾರಣವಾದ ಸಂಗತಿ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ನಮ್ಮ ಕನ್ನಡ ಸಮುದಾಯದ ಒಂದು ಕುಟುಂಬ. ಅಪ್ಪ ಬಂದರಿನ ಕಡೆ ದುಡಿಯುತ್ತಾನೆ, ಅಮ್ಮ ಎರಡು ಮನೆಗಳಲ್ಲಿ ಕೆಲಸ ಮಾಡುತ್ತಾಳೆ, ಮನೆ ನೋಡಿಕೊಳ್ಳುವುದು ಅಜ್ಜಿ. ಹುಡುಗ ಪ್ರಥಮ ಸತ್ಪ್ರಸಾದಕ್ಕೆ ತಯಾರಾಗುತ್ತಿದ್ದ. ಯಾರೋ ರಸ್ತೆಯಲ್ಲಿ ಬಿಟ್ಟುಹೋದ ಎರಡು ತಿಂಗಳ ಮರಿಯನ್ನು ಅವನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದ. ಬ್ರೂನೊ ಎಂದು ಹೆಸರಿಟ್ಟ. ಹತ್ತು ದಿನಕ್ಕೆ ಮರಿ ಊಟ ಬಿಟ್ಟಿತು, ವಾಂತಿ ಮಾಡಿತು, ನೀರು ನೀರಾಗಿ ಭೇದಿ ಶುರುವಾಯಿತು. ಅಜ್ಜಿ ತಾನು ಆರು ಮಕ್ಕಳನ್ನು ಬೆಳೆಸಿದ ಕ್ರಮದಲ್ಲೇ ನಡೆದಳು: ಹೊಟ್ಟೆ ಕೆಟ್ಟಿದೆ, ಮಜ್ಜಿಗೆ ಕುಡಿಸಬೇಕು. ಚಮಚದಲ್ಲಿ ಕುಡಿಸಿದಳು, ಮರಿ ಕಕ್ಕಿತು, ಮತ್ತೆ ಕುಡಿಸಿದಳು. ಎರಡನೆಯ ದಿನ ಭೇದಿಯಲ್ಲಿ ರಕ್ತ, ಕೆಟ್ಟ ವಾಸನೆ. "ಉಷ್ಣ ಆಗೇತಿ" ಎಂದು ಮತ್ತಷ್ಟು ಮಜ್ಜಿಗೆ. ಮೂರನೆಯ ದಿನ ಸಂಜೆ ಅಪ್ಪ ಕೆಲಸದಿಂದ ಬಂದು ಪಶುವೈದ್ಯರ ಹತ್ತಿರ ಒಯ್ದಾಗ ಮರಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಪಾರ್ವೋ ಎಂದರು. ಸಲೈನ್ ಹಾಕಿದರು. ಬೆಳಗಾಗುವಷ್ಟರಲ್ಲಿ ಹೋಯಿತು.

ಪಾರ್ವೋ ಎಂಬುದು ನಾಯಿಗಳ ಒಂದು ವೈರಸ್. 1978ರ ಸುಮಾರಿಗೆ ಮೊದಲು ಗುರುತಿಸಿದ್ದು. ಎರಡು ವರ್ಷದೊಳಗೆ ಪ್ರಪಂಚವನ್ನೆಲ್ಲ ಸುತ್ತಿಬಿಟ್ಟಿತು. ಕರುಳಿನ ಒಳಪದರವನ್ನೇ ಅದು ಹಾಳುಮಾಡುತ್ತದೆ. ಹೀಗೆ ಸುಲಿದುಹೋದ ಕರುಳಿಗೆ ಮಜ್ಜಿಗೆಯಾಗಲಿ ಹಾಲಾಗಲಿ ದಕ್ಕುವುದಿಲ್ಲ. ಮರಿಯನ್ನು ಕೊಲ್ಲುವುದು ಮುಖ್ಯವಾಗಿ ಮೈಯ ನೀರು ಆರುವುದು, ಅದರ ಹಿಂದೆಯೇ ಬರುವ ಸೋಂಕು. ಬೇಗ ಒಯ್ದು ನರದ ಮೂಲಕ ನೀರು ಕೊಟ್ಟರೆ ಬಹಳಷ್ಟು ಮರಿಗಳು ಬದುಕುತ್ತವೆ, ಬಿಟ್ಟರೆ ಹೆಚ್ಚಿನವು ಉಳಿಯುವುದಿಲ್ಲ. ಈ ವೈರಸ್ ಮನುಷ್ಯರಿಗೆ ತಗಲುವುದಿಲ್ಲ, ಹೆದರಬೇಡಿ. ಆದರೆ ನೆಲದಲ್ಲಿ, ಗೋಣಿಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಸಾಧಾರಣ ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣದಿಂದ ತೊಳೆಯಬೇಕು. ಆ ಮನೆಯವರು ಹುಡುಗನ ಅಳು ನೋಡಲಾರದೆ ಮೂರು ವಾರಕ್ಕೆ ಇನ್ನೊಂದು ಮರಿ ತರಲು ಹೊರಟಿದ್ದರು. ವೈದ್ಯರೇ ತಡೆದರು.

ಇದಕ್ಕೆ ಲಸಿಕೆ ಇದೆ. ಆರರಿಂದ ಎಂಟು ವಾರದ ಮರಿಗೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ಆಗುವವರೆಗೆ. "ಒಂದು ಹಾಕಿಸಿದ್ದೆವಲ್ಲ ಫಾದರ್" ಎನ್ನುವವರೇ ಜಾಸ್ತಿ. ಒಂದು ಸಾಲದು. ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿ ಇರುವವರೆಗೆ ಲಸಿಕೆ ನೆಲೆ ನಿಲ್ಲುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಎಂದು ಯಾರಿಗೂ ಹೇಳಲಾಗದ್ದರಿಂದ ಮತ್ತೆ ಮತ್ತೆ ಹಾಕುತ್ತಾರೆ.

ಹುಡುಗ ಉಪದೇಶದ ತರಗತಿ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದ: "ಫಾದರ್, ನಮ್ಮಜ್ಜಿ ಬ್ರೂನೊನ ಕೊಂದಳಾ?" ಯಾರೋ ನೆರೆಯವರು ಹಾಗೆ ಅಂದುಬಿಟ್ಟಿದ್ದರು. ಅಜ್ಜಿಯೂ ಹೊರಗೆ ಮರದ ಕೆಳಗೆ ನಿಂತಿದ್ದಳು, ಒಳಗೆ ಬರಲಿಲ್ಲ. ಅವರಿಬ್ಬರನ್ನೂ ಕೂರಿಸಿ ನಾನು ಹೇಳಿದ್ದು ಇಷ್ಟು. ಕೊಂದದ್ದು ರೋಗ. ಮಜ್ಜಿಗೆ ಕೊಲ್ಲಲಿಲ್ಲ, ಮಜ್ಜಿಗೆ ಉಳಿಸಲೂ ಇಲ್ಲ. ಅಜ್ಜಿ ಮೂರು ರಾತ್ರಿ ನಿದ್ದೆಗೆಟ್ಟು ಆ ಮರಿಯ ಬಾಯಿ ಒರೆಸಿದ್ದಾಳೆ, ಅದು ದೇವರ ಲೆಕ್ಕದಲ್ಲಿ ಇದೆ. ಆದರೆ ಆ ಮೂರು ದಿನ ಮಾತ್ರ ಮರಿಯ ಲೆಕ್ಕದಲ್ಲಿ ಕಳೆದುಹೋದವು, ಅದನ್ನು ಮುಚ್ಚಿ ಹೇಳಿದರೆ ಹುಡುಗನಿಗೂ ಮೋಸ, ಅಜ್ಜಿಗೂ ಮೋಸ. ಪ್ರೀತಿ ಇದ್ದರೂ ತಿಳಿವಳಿಕೆ ಇಲ್ಲದ ಕಡೆ ಕೈ ಕಟ್ಟಿಹೋಗುತ್ತದೆ. ಅಜ್ಜಿ ಕೇಳಿದಳು, "ಹಂಗಾದ್ರ ಎಷ್ಟ್ ಹೊತ್ತ್ ಕಾಯಬೇಕ್ರೀ?" ಒಳ್ಳೆಯ ಪ್ರಶ್ನೆ. ಅದನ್ನು ಪಶುವೈದ್ಯರೊಬ್ಬರಲ್ಲಿ ವಿಚಾರಿಸಿದೆ. ಮರಿಯಾದರೆ ಒಂದು ದಿನವೂ ಕಾಯಬಾರದು: ವಾಂತಿ ಭೇದಿ ಎರಡೂ ಇದ್ದರೆ, ರಕ್ತ ಕಂಡರೆ, ಮಲಗಿದಲ್ಲೇ ಮಲಗಿದ್ದರೆ, ಆ ಹೊತ್ತೇ ಒಯ್ಯಿರಿ. ದೊಡ್ಡ ನಾಯಿ ಒಂದು ಸಲ ಭೇದಿ ಮಾಡಿ ಓಡಾಡಿಕೊಂಡಿದ್ದರೆ ಒಂದು ದಿನ ನೋಡಬಹುದು, ಹಾಲು ಮೊಸರು ಮಜ್ಜಿಗೆ ಯಾವುದೂ ಬೇಡ, ನೀರು ಇಡಿ.

ಮಜ್ಜಿಗೆ ಔಷಧಿ ಎಂಬ ನಂಬಿಕೆ ನಮ್ಮ ಅಜ್ಜಿಯಂದಿರಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ಎಲಿ ಮೆಚ್ನಿಕೋಫ್ ಎಂಬ ರಷ್ಯನ್ ವಿಜ್ಞಾನಿ, 1908ರಲ್ಲಿ ನೊಬೆಲ್ ಬಹುಮಾನ ಪಡೆದವರು, ಹುಳಿ ಹಾಲು ಕುಡಿದರೆ ಮುಪ್ಪು ದೂರವಾಗುತ್ತದೆ ಎಂದು ನಂಬಿ ದಿನಾ ತಾವೂ ಕುಡಿಯುತ್ತಿದ್ದರು, ಪುಸ್ತಕವನ್ನೂ ಬರೆದರು. ಯುರೋಪಿನವರು ಮೊಸರಿಗೆ ಮುಗಿಬಿದ್ದರು. ಅವರು ತೀರಿಕೊಂಡದ್ದು 1916ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿಗೆ. ನಮ್ಮ ಅಜ್ಜಿಗೆ ಅದಕ್ಕಿಂತ ಜಾಸ್ತಿ ಆಗಿದೆ. ಮೊಸರಿನ ಸೂಕ್ಷ್ಮಜೀವಿಗಳಿಂದ ಉಪಯೋಗವೇ ಇಲ್ಲವೆಂದು ಇದರ ಅರ್ಥವಲ್ಲ. ಆದರೆ ಅದೇ ಪಾಸ್ಚರ್ ಸಂಸ್ಥೆ ಹುಟ್ಟಿಕೊಂಡದ್ದು ಯಾವುದರಿಂದ ಗೊತ್ತೇ? ನಾಯಿ ಕಡಿತದಿಂದ. 1885ರ ಜುಲೈ 6ರಂದು ಲೂಯಿ ಪಾಸ್ಚರ್ ಅವರು ಹುಚ್ಚುನಾಯಿ ಕಡಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಟ್ಟು ಉಳಿಸಿದರು. ಆಮೇಲೆ ಜನ ದೇಣಿಗೆ ಕೊಟ್ಟು ಕಟ್ಟಿದ ಸಂಸ್ಥೆ ಅದು. ಹುಳಿ ಹಾಲಿನ ಪ್ರಚಾರವೂ ಹುಚ್ಚುನಾಯಿಯ ಲಸಿಕೆಯೂ ಒಂದೇ ಸೂರಿನ ಕೆಳಗೆ!

ಆ ಹುಚ್ಚುರೋಗದ ವಿಷಯಕ್ಕೂ ನಮ್ಮ ಮಜ್ಜಿಗೆಗೂ ಒಂದು ಸಂಬಂಧವಿದೆ, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ನಾಯಿ ಜೊಲ್ಲು ಸುರಿಸುತ್ತಿದೆ, ದವಡೆ ಜೋತುಬಿದ್ದಿದೆ, ಸ್ವರ ಬದಲಾಗಿದೆ, ಬಟ್ಟಲಿಗೆ ಬಾಯಿ ಹಾಕುತ್ತದೆ ಆದರೆ ನುಂಗಲು ಆಗುತ್ತಿಲ್ಲ. ಇದನ್ನು ನೋಡಿದ ನಮ್ಮವರು ಎರಡು ರೀತಿ ಅರ್ಥ ಮಾಡಿಕೊಳ್ಳುತ್ತಾರೆ: ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆ, ಇಲ್ಲವೇ ಬಿಸಿಲು ಬಡಿದಿದೆ. ಒಬ್ಬರು ಬಾಯಿ ಅಗಲಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಮಜ್ಜಿಗೆ ಹುಯ್ಯುತ್ತಾರೆ. ಅದು ರೇಬಿಸ್ ಆಗಿದ್ದರೆ ಆ ಜೊಲ್ಲಿನಲ್ಲೇ ರೋಗವಿದೆ, ಕೈಯ ಸಣ್ಣ ಗಾಯವೂ ಸಾಕು. "ನೀರಿಗೆ ಹೆದರಲಿಲ್ಲ, ಬಟ್ಟಲಿನ ಹತ್ತಿರ ಹೋಯಿತು, ಆದ್ದರಿಂದ ಹುಚ್ಚಲ್ಲ" ಎಂಬ ಪರೀಕ್ಷೆ ಸುಳ್ಳು. ನೀರಿನ ಭಯ ರೋಗ ತಗಲಿದ ಮನುಷ್ಯರಲ್ಲಿ ಕಾಣುವ ಲಕ್ಷಣ. ನಾಯಿ ನೀರಿನ ಹತ್ತಿರ ಹೋಗುತ್ತದೆ, ಕುಡಿಯಲೂ ನೋಡುತ್ತದೆ. ಬಾಯಿಗೆ ಕೈ ಹಾಕಬೇಡಿ, ದೂರ ನಿಂತು ಬಾಗಿಲು ಮುಚ್ಚಿ, ಪಶುವೈದ್ಯರಿಗೆ ತಿಳಿಸಿ. ಕಚ್ಚಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲವೆಂದೇ ತಿಳಿಯಬೇಕು.

ಗೋವಾದವರು ಈ ವಿಷಯದಲ್ಲಿ ದೇಶಕ್ಕೇ ಮೇಲ್ಪಂಕ್ತಿ ಹಾಕಿದ್ದಾರೆ. ಸರ್ಕಾರ ಮತ್ತು ಮಿಷನ್ ರೇಬಿಸ್ ಸಂಸ್ಥೆಯವರು ಸೇರಿ ವರ್ಷಗಟ್ಟಲೆ ಬೀದಿ ಬೀದಿ ತಿರುಗಿ, ಬಲೆ ಹಿಡಿದು, ನಾಯಿಗಳಿಗೆ ಲಸಿಕೆ ಹಾಕಿದರು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು. ನಾಯಿಗಳಲ್ಲಿ ರೋಗ 92 ಪ್ರತಿಶತ ಇಳಿಯಿತೆಂದು 2022ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ವರದಿಯಾಯಿತು. 2021ರಲ್ಲೇ ರಾಜ್ಯ ಸರ್ಕಾರ ಗೋವಾವನ್ನು ರೇಬಿಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿತ್ತು. ಆದರೆ ನಿಯಂತ್ರಿತ ಎಂದರೆ ಇಲ್ಲವೇ ಇಲ್ಲ ಎಂದಲ್ಲ, ನಾಯಿಗೆ ಗಡಿಯ ಚೆಕ್‌ಪೋಸ್ಟ್ ಇಲ್ಲ. ಊರಿಗೆ ಹೋಗಿ ಬರುವಾಗ ಮರಿ ತರುವವರು ಲಸಿಕೆ ಹಾಕಿಸಿಯೇ ಇಟ್ಟುಕೊಳ್ಳಿ.

ಕಡೆಗೆ, ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ ಇನ್ನೊಂದು ಪ್ರಶ್ನೆ. ಒಬ್ಬ ತಾಯಿ ಸ್ವಲ್ಪ ಸಿಟ್ಟಿನಿಂದಲೇ ಕೇಳಿದಳು: "ನಾ ಕೆಲಸ ಮಾಡೋ ಮನ್ಯಾಗ ನಾಯಿಗೆ ದಿನಾ ಮೊಸರು. ನನ್ನ ಮಗಳಿಗೆ ಎರಡು ದಿನಕ್ಕೊಮ್ಮೆ ಹಾಲು. ಇದು ನ್ಯಾಯ ಏನ್ರೀ ಫಾದರ್?" ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2416ರಿಂದ 2418ರವರೆಗೆ ಪ್ರಾಣಿಗಳ ವಿಷಯ ಬರುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರಿಸುವುದು ನಮ್ಮ ಋಣ, ಅವುಗಳನ್ನು ಸುಮ್ಮನೆ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎನ್ನುತ್ತದೆ. ಅದರ ಬೆನ್ನಿಗೇ, ಮನುಷ್ಯರ ಕಷ್ಟ ನೀಗಲು ಮೊದಲು ಹೋಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು. ನಾಯಿ ಸಾಕುವವರು ಮೊದಲನೆಯದನ್ನು, ಸಾಕದವರು ಎರಡನೆಯದನ್ನು ಮಾತ್ರ ಓದುತ್ತಾರೆ. 2022ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಮಕ್ಕಳ ಬದಲು ನಾಯಿ ಬೆಕ್ಕು ಸಾಕುವವರ ಬಗ್ಗೆ ಒಂದು ಮಾತು ಆಡಿದಾಗ ಎಷ್ಟು ಗಲಾಟೆಯಾಯಿತು ನೆನಪಿದೆಯೇ? ಅದೇ ಫ್ರಾನ್ಸಿಸ್ ಅವರೇ 2015ರ ಲೌದಾತೊ ಸಿ ವಿಶ್ವಪತ್ರದಲ್ಲಿ ಪ್ರತಿ ಜೀವಿಗೂ ದೇವರ ದೃಷ್ಟಿಯಲ್ಲಿ ತನ್ನದೇ ಬೆಲೆಯಿದೆ ಎಂದು ಬರೆದವರು.

ಆ ತಾಯಿಗೆ ನಾನು ಹೇಳಿದ್ದು: ನ್ಯಾಯ ಅಲ್ಲ. ಆದರೆ ಅನ್ಯಾಯ ನಾಯಿಯದ್ದಲ್ಲ. ಯಜಮಾನರ ಮನೆಯವರು ಇದನ್ನು ಓದುತ್ತಿದ್ದರೆ, ನಿಮ್ಮ ನಾಯಿಯ ಮೊಸರನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ, ಅದಕ್ಕೆ ಅಷ್ಟು ಮೊಸರು ಹೇಗೂ ಬೇಕಾಗಿಲ್ಲ ಎಂಬುದನ್ನು ಮೇಲೆ ಬರೆದಿದ್ದೇನೆ. ಮನೆ ಕೆಲಸಕ್ಕೆ ಬರುವವಳ ಮಗಳು ಎಷ್ಟನೆಯ ತರಗತಿ, ಬೆಳಿಗ್ಗೆ ಏನು ತಿಂದು ಶಾಲೆಗೆ ಹೋಗುತ್ತಾಳೆ ಎಂದು ಒಮ್ಮೆ ಕೇಳಿ ನೋಡಿ.

ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸನು ದೇವದೂತ ರಫಾಯೇಲನೊಂದಿಗೆ ಹೊರಟಾಗ ನಾಯಿಯೂ ಹಿಂದೆ ಹೊರಟಿತು, ಮರಳಿ ಬರುವಾಗಲೂ ಹಿಂದೆಯೇ ಬಂತು. ಅದು ಏನು ಮಾಡಿತು, ಏನು ತಿಂದಿತು ಎಂದು ಬರೆದಿಲ್ಲ. ಆದರೂ ಪವಿತ್ರ ಗ್ರಂಥದವರು ಅದನ್ನು ಬಿಡಲಿಲ್ಲ, ಎರಡು ಸಲ ಹೆಸರಿಸಿದ್ದಾರೆ. ಆಗಸ್ಟ್ 16ರಂದು ಹಬ್ಬ ಆಚರಿಸುವ ಸಂತ ರೋಕರ ಪ್ರತಿಮೆಯ ಕಾಲ ಬಳಿ ನಿಂತ ನಾಯಿಯನ್ನೂ ನೀವು ನೋಡಿದ್ದೀರಿ: ಪ್ಲೇಗಿನಿಂದ ಕಾಡಿನಲ್ಲಿ ಬಿದ್ದಿದ್ದ ಸಂತರಿಗೆ ಅದು ರೊಟ್ಟಿ ತಂದುಕೊಟ್ಟಿತೆಂದು ಪರಂಪರೆ ಹೇಳುತ್ತದೆ. ಅಲ್ಲಿ ಉಣಿಸಿದ್ದು ನಾಯಿ, ಉಂಡದ್ದು ಸಂತ.

ಅಂಕಣ ಮುಗಿಸುವ ಮೊದಲು ಬೆಕ್ಕಿನ ಬಗ್ಗೆ ಕೇಳಿದ ಇಬ್ಬರು ಮಕ್ಕಳಿಗೆ ಉತ್ತರ. ಬೆಕ್ಕಿಗೂ ದೊಡ್ಡದಾದ ಮೇಲೆ ಹಾಲು ಅಷ್ಟಾಗಿ ಆಗುವುದಿಲ್ಲ, ಕಥೆಯಲ್ಲಿ ಏನೇ ಇರಲಿ. ಅದು ನಾಯಿಯ ಹಾಗಲ್ಲ, ರೊಟ್ಟಿ ಅನ್ನದ ಮೇಲೆ ಬದುಕಲಾರದು, ಮಾಂಸ ಮೀನು ಬೇಕೇ ಬೇಕು. ಆದ್ದರಿಂದ ಮಜ್ಜಿಗೆ ನೀವು ಕುಡಿಯಿರಿ, ಬಾಂಗಡೆಯ ತಲೆ ಬೇಯಿಸಿ, ಮುಳ್ಳು ಬಿಡಿಸಿ ಅದಕ್ಕೆ ಹಾಕಿ.